ಬಾಸೆಲಿನಲ್ಲಿ ಆರು ಗಂಟೆಗೆ ಕಲ್ಯಾಣದ ಆರಾಧನೆ

ಡೊಂಬಿವಲಿ

ನನ್ನ ಹೆಂಡತಿ ಸುಮತಿಯ ಮೊಣಕಾಲು ಸರಿಯಾಗಿದ್ದಿದ್ದರೆ ಈ ಪ್ರವಾಸವನ್ನು ಅವಳೇ ಮಾಡುತ್ತಿದ್ದಳು. ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಕುಚ್ಚಲಕ್ಕಿ ಗಂಜಿ ಬೇಯಿಸಿಕೊಂಡು ಹಾಯಾಗಿರುತ್ತಿದ್ದೆ. ಹೋಗಬೇಕಾಗಿದ್ದದ್ದು ಒಂದು ಮದುವೆಗೆ. ನನ್ನ ತಮ್ಮ ಸುಂದರನ ಒಬ್ಬಳೇ ಮಗಳು ರೀನಾ ಸ್ವಿಟ್ಜರ್‌ಲ್ಯಾಂಡಿನ ಬಾಸೆಲಿನಲ್ಲಿ ಔಷಧಿ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ಅವಳು ಮದುವೆಯಾಗಲಿದ್ದದ್ದು ರೆಗುಲಾ ಎಂಬ ಶಾಲಾ ಟೀಚರನ್ನು. ಹೌದು, ಹೆಣ್ಣುಮಗಳು. ಆ ದೇಶದಲ್ಲಿ ಕೆಲವು ವರ್ಷಗಳ ಹಿಂದೆ ಜನರೇ ಮತ ಹಾಕಿ ಕಾನೂನು ಬದಲಿಸಿಕೊಂಡಿದ್ದಾರೆ. ನಮ್ಮಲ್ಲಿ ನ್ಯಾಯಾಲಯವು ಅದು ಸಂಸತ್ತಿನ ಕೆಲಸ ಎಂದು ಹೇಳಿ ಕೈತೊಳೆದುಕೊಂಡಿದೆ.

ನಾನು ಬೇಲಾಪುರದ ಸರಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದವನು. ಕಾನೂನು ಬದಲಾದರೆ ಮೊದಲು ಬದಲಾಗುವುದು ಫಾರಂ, ಕೊನೆಗೆ ಬದಲಾಗುವುದು ಮನುಷ್ಯ ಎಂಬುದು ನನಗೆ ಗೊತ್ತು. ಅದರ ಜೊತೆಗೆ ನಾನು ಡೊಂಬಿವಲಿಗೆ ಹತ್ತಿರದ ಕಲ್ಯಾಣ ಎಂಬ ಊರಿನಲ್ಲಿರುವ ನಮ್ಮ ಕನ್ನಡ ಕ್ರೈಸ್ತ ಸಭೆಯ ಹಿರಿಯರಲ್ಲಿ ಒಬ್ಬ. ಪ್ರತಿ ಭಾನುವಾರ ಒಂಬತ್ತೂವರೆಯ ಆರಾಧನೆಯಲ್ಲಿ ಓದುವ ಕೆಲಸ ನನ್ನದು. ಮದುವೆ ನಿಶ್ಚಯವಾದ ಜೋಡಿಗಳ ಪ್ರಕಟಣೆಯನ್ನು ಮೂರು ಭಾನುವಾರ ಓದಿ, ಅಡ್ಡಿ ಇದ್ದವರು ತಿಳಿಸಬೇಕು ಎಂದು ಕೇಳುವುದು ಒಂದು. ಪ್ರಾರ್ಥನೆಯ ಹೊತ್ತಿಗೆ ಪರದೇಶದಲ್ಲಿರುವ ನಮ್ಮ ಮಕ್ಕಳ ಪಟ್ಟಿ ಓದುವುದು ಇನ್ನೊಂದು. ಆ ಪಟ್ಟಿಯನ್ನು ಒಂದು ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ. ಮಕ್ಕಳು ಇವತ್ತು ದೋಹಾದಲ್ಲಿದ್ದರೆ ನಾಳೆ ಟೊರೊಂಟೊದಲ್ಲಿ, ಅಳಿಸಿ ಬರೆಯಲು ಅನುಕೂಲ.

ಪಟ್ಟಿಗೆ ಒಂದು ಪದ್ಧತಿ ಉಂಟು. ಮಕ್ಕಳ ಹೆಸರಿಗಿಂತ ಮೊದಲು ಅಪ್ಪ ಅಮ್ಮನ ಹೆಸರು ಬರಬೇಕು. ಎಡ್ವಿನ್ ಮತ್ತು ಸರೋಜಾ ಇವರ ಮಗ ನವೀನ, ದೋಹಾ. ಒಮ್ಮೆ ಹೊತ್ತು ಉಳಿಸಲೆಂದು ಬರೀ ಮಕ್ಕಳ ಹೆಸರು ಓದಿದ್ದೆ. ಆರಾಧನೆ ಮುಗಿದದ್ದೇ ಅಜ್ಜಿಯಂದಿರ ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. "ಯಾರ ಮಗು ಅಂತ ಗೊತ್ತಿಲ್ಲದೆ ಪ್ರಾರ್ಥನೆ ಮಾಡುದು ಹೇಗೆ ಮಾರ್ರೆ?" ಎಂದು ಕೇಳಿದರು. ಅಂದಿನಿಂದ ಆ ತಪ್ಪು ಮಾಡಲಿಲ್ಲ.

ರೀನಾ ಚಿಕ್ಕವಳಿದ್ದಾಗ ರಜೆಯಲ್ಲಿ ಸಾನಪಾಡಾದ ತನ್ನ ಮನೆಯಿಂದ ನಮ್ಮ ಡೊಂಬಿವಲಿಯ ಮನೆಗೆ ಬಂದು ಉಳಿಯುತ್ತಿದ್ದಳು. ನನ್ನ ಕನ್ನಡಕ ಮೂಗಿಗೆ ಏರಿಸಿಕೊಂಡು ಅಕ್ಕಿ ಡಬ್ಬದ ಮೇಲೆ ನಿಂತು ಗೊಂಬೆಗಳ ಮದುವೆ ಪ್ರಕಟಣೆ ಓದುತ್ತಿದ್ದಳು. ಕನ್ನಡ ಓದಲು ಅವಳಿಗೆ ಬರುತ್ತಿರಲಿಲ್ಲ, ಕೇಳಿ ಕೇಳಿ ಬಾಯಿಪಾಠ. "ಅಡ್ಡಿ ಇದ್ದವರು ತಿಳಿಸಬೇಕು" ಎಂದು ನನ್ನ ಧ್ವನಿಯಲ್ಲೇ ಗದರಿ, ಸುಮತಿಯ ಕಡೆ ಕಣ್ಣು ಬಿಟ್ಟು ನೋಡುವಳು. ಸುಮತಿ ಬೇಕೆಂದೇ ಕೈ ಎತ್ತುವಳು. ಆಗ ಹುಡುಗಿಗೆ ಬರುತ್ತಿದ್ದ ಕೋಪ ನೆನೆದರೆ ಈಗಲೂ ನಗು ಬರುತ್ತದೆ.

ಅವಳ ಅಮ್ಮ ಲೀಲಾ ತೀರಿಕೊಂಡು ಐದು ವರ್ಷವಾಯಿತು. ಅದಾಗಿ ಎರಡು ವರ್ಷಕ್ಕೆ ರೀನಾ ಅಪ್ಪನಿಗೆ ಫೋನು ಮಾಡಿ ರೆಗುಲಾಳ ವಿಷಯ ಹೇಳಿದಳು. ಸುಂದರ ಫೋನು ಇಟ್ಟ. ಆಮೇಲೆ ಎತ್ತಲಿಲ್ಲ. ನನಗೂ ಒಪ್ಪಿಗೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮದುವೆ ಎಂದರೆ ಏನು ಎಂಬುದನ್ನು ನಾನು ಕಲಿತದ್ದು ಆರಾಧನೆಯ ಪುಸ್ತಕದಿಂದ, ಅದರಲ್ಲಿ ಒಬ್ಬ ವರ, ಒಬ್ಬಳು ವಧು.

ಮೂರು ವರ್ಷದ ಮೌನ ಹೀಗೇ ಸಾಗಿರುವಾಗ ಈ ಬೇಸಗೆಯಲ್ಲಿ ಅವಳ ಮಾಮೂಲಿ ಹಿಂದಿ ಬೆರೆತ ಕನ್ನಡದಲ್ಲಿ ರೀನಾಳ ಸಂದೇಶ ಬಂತು. "ದೊಡ್ಡಪ್ಪ, ಪಪ್ಪಾ ಬರಲ್ಲ, ಪತಾ ಹೈ. ಆಪ್ ತೋ ಆಓಗೆ ನಾ?" ನಾನಾದರೂ ಬರುತ್ತೇನೆಯೇ ಎಂಬ ಆ ಪ್ರಶ್ನೆಗೆ ಎರಡು ದಿನ ಉತ್ತರಿಸಲಿಲ್ಲ. ಮೂರನೆಯ ದಿನ ಸುಮತಿ ಚಹಾ ಲೋಟವನ್ನು ನನ್ನ ಮುಂದೆ ಕುಟ್ಟಿ ಇಟ್ಟಳು.

"ಕೇಳಿ, ಮಗು ಅಲ್ಲಿ ಒಂದೇ ಉಂಟು. ನೀವು ಹೋಗ್ಬೇಕು."

"ಹೋದ್ರೆ ಒಪ್ಪಿದ ಹಾಗೆ ಆಗ್ತದೆ."

"ಹೋಗದಿದ್ರೆ ಬಿಟ್ಟ ಹಾಗೆ ಆಗ್ತದೆ. ಯಾವುದು ದೊಡ್ಡದು ಅಂತ ನೀವೇ ನಿಮ್ಮ ಪುಸ್ತಕದಲ್ಲಿ ನೋಡಿ."

ಹೊರಡುವ ಹಿಂದಿನ ದಿನ ಸುಂದರ ಮನೆಗೆ ಬಂದ. ಉಪ್ಪಿನಕಾಯಿ ಭರಣಿಯನ್ನು ನಾನು ಬಟ್ಟೆಯಲ್ಲಿ ಸುತ್ತುವುದನ್ನು ಸುಮ್ಮನೆ ನೋಡುತ್ತ ಕುಳಿತ. "ಕಳಿಸ್ಲಿಕ್ಕೆ ನನ್ನ ಹತ್ರ ಎಂತದೂ ಇಲ್ಲ" ಎಂದ. ಏಳುವಾಗ ಚಪ್ಪಲಿ ಹಾಕಿಕೊಳ್ಳುತ್ತ, "ವಿಮಾನದಲ್ಲಿ ಎಷ್ಟು ಕಿಲೋ ಬಿಡ್ತಾರೆ?" ಎಂದು ಕೇಳಿದ. ಹೇಳಿದೆ. ತಲೆಯಾಡಿಸಿ ಹೋದ.

ಬಾಸೆಲ್, ಟ್ರಾಮಿನ ಬಾಗಿಲು

ನಮ್ಮ ಮನೆಯಲ್ಲಿ ಬಾಸೆಲ್ ಎಂಬ ಊರು ಸ್ವರ್ಗದ ಪಕ್ಕದ ಸ್ಟೇಶನ್ ಇದ್ದ ಹಾಗೆ. ಉಡುಪಿಯ ಕಡೆ ನನ್ನ ಮುತ್ತಜ್ಜನಿಗೆ ದೀಕ್ಷಾಸ್ನಾನ ಮಾಡಿಸಿದ ಪಾದ್ರಿ ಅಲ್ಲಿಂದಲೇ ಹಡಗು ಹತ್ತಿ ಬಂದವರಂತೆ. ಶಿಸ್ತು, ಹೊತ್ತಿಗೆ ಸರಿಯಾಗಿ ಊಟ, ಹೆಂಚಿನ ಮಾಡು, ಏಕಪತ್ನೀವ್ರತ, ಎಲ್ಲವೂ ಆ ಊರಿನಿಂದಲೇ ಬಂತು ಎಂದು ನನ್ನ ಅಜ್ಜಿ ನಂಬಿದ್ದರು. ಆ ಊರು ಈಗ ನನ್ನನ್ನು ಇಂಥ ಮದುವೆಗೆ ಕರೆಯುತ್ತಿದೆಯಲ್ಲ ಎಂದು ವಿಮಾನದ ಉದ್ದಕ್ಕೂ ಯೋಚಿಸಿದೆ. ಅಜ್ಜಿಗೆ ತಿಳಿದಿದ್ದರೆ ಪಾದ್ರಿಗಳಿಗೇ ಒಂದು ಕಾಗದ ಬರೆಸುತ್ತಿದ್ದರು.

ನಿಲ್ದಾಣಕ್ಕೆ ಬಂದಿದ್ದ ರೀನಾ ನನ್ನ ಕಾಲು ಮುಟ್ಟಲಿಲ್ಲ, ನಮ್ಮಲ್ಲಿ ಆ ಪದ್ಧತಿ ಇಲ್ಲ. ಕೈ ಕುಲುಕಿದಳು, ಮತ್ತೆ ಕೈ ಬಿಡಲೇ ಇಲ್ಲ. ಮೂವತ್ನಾಲ್ಕಾದರೂ ಮುಖ ಅಕ್ಕಿ ಡಬ್ಬದ ಮೇಲೆ ನಿಂತ ಹುಡುಗಿಯದೇ. ರೆಗುಲಾ ನನಗಿಂತ ಒಂದು ಗೇಣು ಎತ್ತರ. ನನ್ನ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು, ಕಲಿತಿಟ್ಟುಕೊಂಡ ಒಂದೇ ಕನ್ನಡ ವಾಕ್ಯ ಹೇಳಿದಳು: "ಊಟ ಆಯ್ತಾ?" ಬೆಳಗಿನ ಏಳು ಗಂಟೆ. ನಾನು ಆಯ್ತು ಎಂದೆ.

ಮರುದಿನ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಒಬ್ಬನೇ ಟ್ರಾಮು ಹತ್ತಿದೆ. ಡೊಂಬಿವಲಿಯವನ ಬುದ್ಧಿ, ಇಳಿಯುವ ಸ್ಟಾಪಿಗೆ ಎರಡು ಸ್ಟಾಪು ಮೊದಲೇ ಎದ್ದು "ಉತರ್ನಾ ಹೈ, ಉತರ್ನಾ ಹೈ" ಎನ್ನುತ್ತ ಬಾಗಿಲಿಗೆ ನುಗ್ಗಿದೆ. ಬೋಗಿಯಲ್ಲಿ ಇದ್ದದ್ದೇ ಐದು ಜನ. ಅವರು ನನಗೆ ಹುಷಾರಿಲ್ಲವೆಂದು ತಿಳಿದು ಕುರ್ಚಿ ಬಿಟ್ಟುಕೊಟ್ಟರು. ನಾನು ಕುಳಿತುಕೊಳ್ಳಲಿಲ್ಲ. ಸ್ಟಾಪು ಬಂತು, ಟ್ರಾಮು ನಿಂತಿತು, ಬಾಗಿಲು ಮುಚ್ಚಿಯೇ ಇತ್ತು, ಟ್ರಾಮು ಹೊರಟಿತು. ಮುಂದಿನ ಸ್ಟಾಪಿನಲ್ಲೂ ಹಾಗೇ. ಬಾಗಿಲ ಪಕ್ಕದಲ್ಲಿ ಒಂದು ಗುಂಡಿ ಇದೆ, ಅದನ್ನು ಒತ್ತಿದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ ಎಂದು ನನಗೇನು ಗೊತ್ತು? ನಮ್ಮ ಲೋಕಲ್ ರೈಲಿನ ಬಾಗಿಲು ಮುಚ್ಚಿದ್ದನ್ನೇ ನಾನು ಕಂಡವನಲ್ಲ. ಕೊನೆಯ ಸ್ಟಾಪಿನಲ್ಲಿ ಚಾಲಕ ಹೆಂಗಸು ಬಂದು ಗುಂಡಿ ತೋರಿಸಿಕೊಟ್ಟರು. ಅವರು ನಗಲಿಲ್ಲ. ನಕ್ಕಿದ್ದರೆ ಇನ್ನೂ ಸ್ವಲ್ಪ ಸಮಾಧಾನವಾಗುತ್ತಿತ್ತು.

ಭಾನುವಾರ

ಭಾನುವಾರ ಬೆಳಿಗ್ಗೆ ಬೇಗ ಎಚ್ಚರವಾಯಿತು. ಹೊರಗೆ ಆಗಲೇ ಚೆನ್ನಾಗಿ ಬೆಳಕು. ಅಡುಗೆಮನೆಯಿಂದ ಒಂದು ಸದ್ದು ಬರುತ್ತಿತ್ತು, ತೀರ ಪರಿಚಯದ ಸದ್ದು. ಹಳೆಯ ಫ್ಯಾನು ಕಟಕಟ ಅನ್ನುವುದು, ಒಂದು ಕಾಗೆ, ದೂರದಲ್ಲಿ ಗಾಡಿಯ ಹಾರನ್. ಕಲ್ಯಾಣ! ನಾನು ಎಲ್ಲಿದ್ದೇನೆ ಎಂದು ಒಂದು ಗಳಿಗೆ ತಿಳಿಯಲಿಲ್ಲ.

ರೀನಾ ಮೇಜಿನ ಮುಂದೆ ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿ ಕುಳಿತಿದ್ದಳು. ಮುಂದೆ ಮೊಬೈಲು. ಕೊರೋನಾ ಕಾಲದಿಂದ ನಮ್ಮ ಸಭೆಯ ಆರಾಧನೆಯನ್ನು ಮೊಬೈಲಿನಲ್ಲಿ ನೇರ ಪ್ರಸಾರ ಮಾಡುತ್ತಾರೆ. ನೋಡುವವರು ಯಾರೂ ಇಲ್ಲ, ಬಿಟ್ಟುಬಿಡೋಣ ಎಂದು ಹಿರಿಯರ ಸಭೆಯಲ್ಲಿ ನಾನೇ ಎರಡು ಸಲ ಹೇಳಿದ್ದೆ.

"ಇಲ್ಲಿ ಆರು ಗಂಟೆ ಅಂದ್ರೆ ಅಲ್ಲಿ ಸಾಡೆ ನೌ" ಎಂದಳು. "ಹರ್ ಸಂಡೇ ನೋಡ್ತೀನಿ ದೊಡ್ಡಪ್ಪ. ಬೈಠೋ ನಾ."

ನಾನು ಕುಳಿತೆ. ನನ್ನ ಬದಲಿಗೆ ಇನ್ನೊಬ್ಬ ಹಿರಿಯರು ಪಟ್ಟಿ ಓದುತ್ತಿದ್ದರು, ಸ್ವಲ್ಪ ಅವಸರದಲ್ಲಿ. ಎಡ್ವಿನ್ ಮತ್ತು ಸರೋಜಾ ಇವರ ಮಗ ನವೀನ, ದೋಹಾ. ರೀನಾ ಮೊಬೈಲಿನ ಕಡೆ ಬಾಗಿ ಒಂದೊಂದೇ ಹೆಸರು ಕೇಳಿಸಿಕೊಂಡಳು. ಪಟ್ಟಿ ಮುಗಿಯಿತು. ಅವಳು ಹಿಂದಕ್ಕೆ ಒರಗಿ ಕುಳಿತಳು.

"ಮೊದಲು ನನ್ನ ಹೆಸರು ಇತ್ತು" ಎಂದಳು. "ಸುಂದರ್ ಮತ್ತು ಲೀಲಾ ಇವರ ಮಗಳು ರೀನಾ, ಸ್ವಿಟ್ಜರ್‌ಲ್ಯಾಂಡ್. ಮಮ್ಮಿ ಹೋದ ಮೇಲೂ ಇತ್ತು. ಆಮೇಲೆ ಬಂದ್ ಹೋ ಗಯಾ. ಅಯ್ಯನವರು ತೆಗೆದಿರಬೇಕು. ಅವರದ್ದೂ ರೂಲ್ಸ್ ಇರುತ್ತೆ, ಗೊತ್ತು ನನಗೆ. ನೀವು ಮದುವೆ ಪ್ರಕಟಣೆ ಓದಿ ಅಂತ ನಾನು ಕೇಳಲ್ಲ ದೊಡ್ಡಪ್ಪ, ಅದು ಆಗಲ್ಲ. ಲೇಕಿನ್ ಉಸ್ ಲಿಸ್ಟ್ ಮೇ ತೋ ಬಸ್ ಪ್ರಾರ್ಥನೆ ಇರುತ್ತೆ ನಾ? ಹುಷಾರಿಲ್ಲದವರಿಗೆ ಮಾಡ್ತಾರೆ, ಪರೀಕ್ಷೆ ಬರೆಯೋರಿಗೆ ಮಾಡ್ತಾರೆ."

ಅಯ್ಯನವರು ಎಂದರೆ ನಮ್ಮ ಸಭಾಪಾಲಕರು. ಅವರು ಆ ಹೆಸರನ್ನು ತೆಗೆದಿರಲಿಲ್ಲ. ಪೆನ್ಸಿಲಿನಿಂದ ಗೀಟು ಎಳೆದವನು ನಾನು. ಯಾರೂ ಹೇಳಿರಲಿಲ್ಲ. ಆ ಹೆಸರು ಓದಿದರೆ ಎಲ್ಲರೂ ಸುಂದರನ ಕಡೆ ತಿರುಗಿ ನೋಡುತ್ತಾರೆ, ಅವನಿಗೆ ಮುಜುಗರ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿ ಎಳೆದೆ. ಕಚೇರಿಯಲ್ಲಿ ತೊಂದರೆಯ ಕಡತವನ್ನು ಎಲ್ಲಕ್ಕಿಂತ ಕೆಳಗೆ ಇಡುವ ಅಭ್ಯಾಸ. ಇದನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. "ಚಹಾ ಮಾಡ್ತೇನೆ" ಎಂದು ಎದ್ದೆ.

ಮನಸ್ಸಿನ ಕಸಿವಿಸಿಗೆ ಏನಾದರೂ ಕೆಲಸ ಬೇಕಾಗಿತ್ತು. ಅವರಿಬ್ಬರೂ ಬ್ರೆಡ್ಡು ಜ್ಯಾಮು ಎನ್ನುತ್ತಿರುವಾಗ ನಾನು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಇಳಿದೆ. ಇಡೀ ಕಟ್ಟಡಕ್ಕೆ ಅದೊಂದೇ ಕೋಣೆ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ ಎನ್ನುವಂತೆ ನನ್ನ ಎರಡು ಪಂಚೆ, ಬನಿಯನ್ನು, ಜೊತೆಗೆ ಅವರ ಪರದೆಗಳನ್ನೂ ಹಾಕಿ ಯಂತ್ರ ತಿರುಗಿಸಿದೆ. ಡೊಂಬಿವಲಿಯ ಸಾಲುಮನೆಗಳ ಚಾಳಿನಲ್ಲಿ ನಾವಿದ್ದಾಗ ಭಾನುವಾರವೆಂದರೆ ಹಗ್ಗದ ತುಂಬ ಬಟ್ಟೆ. ಹತ್ತು ನಿಮಿಷದಲ್ಲಿ ಮೇಲಿನ ಮನೆಯ ವೃದ್ಧೆ ಕೋಲೂರಿಕೊಂಡು ಬಂದು ಗೋಡೆಯ ಮೇಲಿನ ಕಾಗದಕ್ಕೆ ಬೆರಳಿಟ್ಟು ತೋರಿಸಿದರು. ಅವರ ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ರೀನಾ ಓಡಿ ಬಂದಳು. ಇಲ್ಲಿ ಭಾನುವಾರ ಬಟ್ಟೆ ಒಗೆಯುವ ಹಾಗಿಲ್ಲವಂತೆ, ಸದ್ದು ಮಾಡುವ ಯಾವ ಕೆಲಸವೂ ಇಲ್ಲವಂತೆ.

ನನಗೆ ನಾಚಿಕೆಯ ಮೇಲೆ ನಾಚಿಕೆ. ಕರ್ತನ ದಿನದಲ್ಲಿ ಬಟ್ಟೆ ಒಗೆಯಬಾರದು ಎಂದು ನನ್ನ ಅಜ್ಜಿಗೆ ಕಲಿಸಿದ್ದೇ ಈ ಊರಿನ ಪಾದ್ರಿಗಳು. ಅಜ್ಜಿ ಸಾಯುವವರೆಗೂ ಭಾನುವಾರ ಒಂದು ಕರವಸ್ತ್ರ ಹಿಂಡಿದವರಲ್ಲ. ನಾವು ಮುಂಬಯಿಯ ಪೇಟೆಗೆ ಬಂದು ಅದನ್ನು ಮರೆತೆವು. ಇಲ್ಲಿನವರು ಚರ್ಚಿಗೆ ಹೋಗುವುದನ್ನು ಮರೆತು ಬಟ್ಟೆ ಒಗೆಯದಿರುವುದನ್ನು ಇಟ್ಟುಕೊಂಡಿದ್ದಾರೆ. ಪರದೆಗಳು ಸೋಮವಾರದವರೆಗೆ ನೀರಿನಲ್ಲಿ ಕುಳಿತವು.

ಎಲ್ಸ್‌ಬೆತ್ ಅವರ ಹಳ್ಳಿ

ಅದೇ ದಿನ ರೆಗುಲಾಳ ತಾಯಿ ಎಲ್ಸ್‌ಬೆತ್ ಅವರ ಹಳ್ಳಿಗೆ ಹೋದೆವು. ಎಪ್ಪತ್ತೆರಡು ವರ್ಷದ ವಿಧವೆ, ಹಸು ಮಾರಿ ಈಗ ಬರೀ ಸೇಬಿನ ಮರ ನೋಡಿಕೊಂಡಿದ್ದಾರೆ. ಪ್ರತಿ ಭಾನುವಾರ ಚರ್ಚಿಗೆ ಹೋಗುವವರು. ಇನ್ನೂರು ಜನ ಕೂರುವ ಚರ್ಚಿನಲ್ಲಿ ಅಂದು ಹದಿಮೂರು ಜನ, ನಾವು ನಾಲ್ವರೂ ಸೇರಿ. ಕಲ್ಯಾಣದಲ್ಲಿ ತಡವಾಗಿ ಬಂದವರು ಮೆಟ್ಟಿಲ ಮೇಲೆ ಕೂರುತ್ತಾರೆ.

ಎರಡನೆಯ ಹಾಡು ಶುರುವಾದಾಗ ಮೈ ಜುಂ ಎಂದಿತು. ರಾಗ ನಮ್ಮದೇ! ನನ್ನ ಅಪ್ಪ ಗಡ್ಡ ಬೋಳಿಸಿಕೊಳ್ಳುತ್ತ ಗುನುಗುತ್ತಿದ್ದ ರಾಗ. ನಾನು ತಡೆಯಲಾರದೆ ಕನ್ನಡದಲ್ಲೇ ಎತ್ತರದ ಧ್ವನಿಯಲ್ಲಿ ಹಾಡಿದೆ. ಮುಂದೆ ಕುಳಿತವರು ತಿರುಗಿ ನೋಡಿದರು. ಎಲ್ಸ್‌ಬೆತ್ ತಮ್ಮ ಧ್ವನಿಯನ್ನೂ ಏರಿಸಿ ಜರ್ಮನ್ನಿನಲ್ಲಿ ಹಾಡಿದರು. ನನ್ನ ಇನ್ನೊಂದು ಪಕ್ಕದಲ್ಲಿ ರೀನಾ ಕನ್ನಡದ ಸಾಲುಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದಳು. ಆ ಹಾಡಿನಲ್ಲಿ ಅಪ್ಪ, ಲೀಲಾ, ಚಾಳಿನ ಮನೆ, ಎಲ್ಲ ನೆನಪಾಗಿ ಕಣ್ಣು ತುಂಬಿತು.

ಊಟಕ್ಕೆ ಆಲೂಗಡ್ಡೆ, ಜಡೆ ಹೆಣೆದು ಸುಟ್ಟ ಬ್ರೆಡ್ಡು. ನಾನು ತಂದ ಮಾವಿನ ಉಪ್ಪಿನಕಾಯಿಯನ್ನು ಎಲ್ಸ್‌ಬೆತ್ ಬ್ರೆಡ್ಡಿಗೆ ಜ್ಯಾಮಿನಂತೆ ದಪ್ಪಗೆ ಹಚ್ಚಿ ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದರು. ಆ ಹಟ ಕಂಡು ನನಗೆ ಅವರಲ್ಲಿ ವಿಶ್ವಾಸ ಹುಟ್ಟಿತು. ಹುಡುಗಿಯರಿಬ್ಬರನ್ನೂ ಮರದ ಕಡೆ ಕಳಿಸಿ ಕೇಳೋಣವೆಂದರೆ ಭಾಷೆ ಬೇಕಲ್ಲ. ರೀನಾಳನ್ನೇ ನಡುವೆ ಕೂರಿಸಿಕೊಂಡು ಕೇಳಿದೆ. ಈ ಕಾನೂನಿಗೆ ಜನರೇ ಮತ ಹಾಕಿದರಂತಲ್ಲ, ನೀವು ಏನು ಹಾಕಿದಿರಿ?

ಎಲ್ಸ್‌ಬೆತ್ ಕೈ ಒರೆಸಿಕೊಂಡು ಹೇಳಿದರು. ರೀನಾ ಕನ್ನಡಕ್ಕೆ ತಂದಳು. "ಬೇಡ ಅಂತ ಹಾಕಿದೆ ಅಂತಾರೆ. ರೆಗುಲಾಗೂ ಗೊತ್ತು."

"ಮತ್ತೆ?"

"ಮತ ಹಾಕಿ ಮನೆಗೆ ಬಂದು ಆಲೂಗಡ್ಡೆ ಬೇಯಿಸೋಕೆ ಇಟ್ಟರಂತೆ. ಶಾಮ್ ಕೋ ರೆಗುಲಾ ಊಟಕ್ಕೆ ಬಂದಳು. ಬರಬೇಡ ಅನ್ನಬೇಕಿತ್ತಾ ಅಂತ ಕೇಳ್ತಾರೆ ನಿಮ್ಮನ್ನ."

ಎಲ್ಸ್‌ಬೆತ್ ಇನ್ನೂ ಏನೋ ಹೇಳಿ ನನ್ನ ತಟ್ಟೆಗೆ ಇನ್ನೆರಡು ಆಲೂಗಡ್ಡೆ ಹಾಕಿದರು. "ಈಗಲೂ ನನಗೆ ಎಲ್ಲಾ ಅರ್ಥ ಆಗಿಲ್ಲ, ಅದನ್ನ ದೇವರ ಹತ್ರ ಕೇಳ್ತಾ ಇದ್ದೀನಿ, ಅವರು ನಿಧಾನವಾಗಿ ಹೇಳ್ಲಿ, ಅಲ್ಲಿತನಕ ಊಟ ನಿಲ್ಲಿಸೋಕಾಗಲ್ಲ ಅಂತಾರೆ" ಎಂದಳು ರೀನಾ.

ಶುಕ್ರವಾರ

ಮದುವೆ ಕಚೇರಿಯಲ್ಲಿ. ಮಹಡಿಯ ಮೇಲೆ ಮರದ ಹಲಗೆ ಹೊದಿಸಿದ ಒಂದು ಕೋಣೆ, ಕಿಟಕಿಯಾಚೆ ರೈನ್ ನದಿ. ನಮ್ಮ ಬೇಲಾಪುರದ ಕಚೇರಿಯಂತೆ ಅಲ್ಲಿ ಯಾರೂ ಕೂಗಾಡಲಿಲ್ಲ, ನಾಳೆ ಬನ್ನಿ ಎನ್ನಲಿಲ್ಲ. ರೀನಾ ಅಮ್ಮ ಲೀಲಾಳ ಕೆನೆಬಣ್ಣದ ಸೀರೆ ಉಟ್ಟಿದ್ದಳು. ಸುಮತಿ ಅದನ್ನು ಜೋಪಾನ ಮಾಡಿಟ್ಟು ನನ್ನ ಪೆಟ್ಟಿಗೆಯ ತಳದಲ್ಲಿ ಕಳಿಸಿದ್ದಳು. ಅಧಿಕಾರಿ ಹೆಂಗಸು ಇಬ್ಬರನ್ನೂ ಕೇಳಿದರು, ಇಬ್ಬರೂ ಹೌದು ಎಂದರು. ಗುಮಾಸ್ತನ ಕಣ್ಣು ಸುಮ್ಮನಿರುತ್ತದೆಯೇ, ಕಾಗದದ ಕಡೆಗೇ ಹೋಯಿತು. ಸಾಕ್ಷಿಗಳು ಇಬ್ಬರು. ಒಬ್ಬಳು ರೀನಾಳ ಕಚೇರಿಯ ಗೆಳತಿ. ಇನ್ನೊಬ್ಬರು, ಬೇಡವೆಂದು ಮತ ಹಾಕಿದ ಎಲ್ಸ್‌ಬೆತ್. ಕನ್ನಡಕ ಸರಿ ಮಾಡಿಕೊಂಡು, ನಾಲಗೆ ತುದಿ ಕಚ್ಚಿಕೊಂಡು, ಶಾಲೆಯ ಮಗುವಿನ ಹಾಗೆ ದುಂಡಗೆ ಸಹಿ ಹಾಕಿದರು.

ನನಗೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಅಡ್ಡಿ ಇದ್ದವರು ತಿಳಿಸಬೇಕು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಎಂದು ಯೋಚಿಸುತ್ತ ಕುಳಿತೆ. ಆರಾಧನೆಯ ಪುಸ್ತಕ ನನ್ನ ತಲೆಯಲ್ಲಿ ಹಾಗೇ ಇತ್ತು. ಆದರೆ ಎದುರಿಗೆ ಲೀಲಾಳ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದ ಆ ಹುಡುಗಿಗೆ ನಾನು ಮಾಡಿದ್ದು ಮಾತ್ರ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಅದು ನನ್ನದೇ ಪೆನ್ಸಿಲು.

ಊಟಕ್ಕೆ ಮೊದಲು ಎಲ್ಸ್‌ಬೆತ್ ನನ್ನ ಕಡೆ ನೋಡಿ ಕೈ ಜೋಡಿಸಿ ತೋರಿಸಿದರು. ಪ್ರಾರ್ಥನೆ ಮಾಡಿ ಎಂದು. ಎದ್ದು ನಿಂತೆ. ಅನ್ನಕ್ಕಾಗಿ ಸ್ತೋತ್ರ ಹೇಳಿದೆ. ಆಮೇಲೆ, ಕರ್ತನೇ, ಈ ಇಬ್ಬರು ಮಕ್ಕಳನ್ನು ಕೈಬಿಡಬೇಡ, ನನ್ನನ್ನೂ ಕೈಬಿಡಬೇಡ ಎಂದೆ. ಅಷ್ಟೇ ಬಂತು.

ಊಟವಾದ ಮೇಲೆ ರೀನಾ ನನ್ನನ್ನು ನದಿಯ ದಂಡೆಗೆ ಕರೆದುಕೊಂಡು ಹೋದಳು. ಬಾಸೆಲಿನವರು ಬೇಸಗೆಯಲ್ಲಿ ಬಟ್ಟೆಬರೆಯನ್ನು ಒಂದು ನೀರು ಹೋಗದ ಚೀಲಕ್ಕೆ ತುಂಬಿ, ಅದನ್ನು ಅಪ್ಪಿಕೊಂಡು ನದಿಯಲ್ಲಿ ತೇಲುತ್ತ ಮನೆಗೆ ಹೋಗುತ್ತಾರೆ. ದೊಡ್ಡ ದೊಡ್ಡ ಉದ್ಯೋಗದಲ್ಲಿರುವವರೂ ಹಾಗೇ ತೇಲಿ ಹೋಗುತ್ತಿದ್ದರು. ಐದೂವರೆಯ ಲೋಕಲ್ಲಿಗೆ ಇದಕ್ಕಿಂತ ಒಳ್ಳೆಯ ಬದಲಿ ನಾನು ಕಂಡಿಲ್ಲ. ಅವರನ್ನು ನೋಡುತ್ತಲೇ ಹೇಳಿಬಿಟ್ಟೆ.

"ರೀನಾ, ನಿನ್ನ ಹೆಸರು ತೆಗೆದದ್ದು ಅಯ್ಯನವರಲ್ಲ. ನಾನು."

ಇಬ್ಬರು ಹೆಂಗಸರು ಹರಟುತ್ತ ತೇಲಿ ಹೋದರು.

"ಪಪ್ಪಾ ಹೇಳಿದ್ರಾ?"

"ಇಲ್ಲ. ಅವನಿಗೆ ನೋವಾಗ್ತದೆ ಅಂತ ನಾನೇ. ಅವನನ್ನು ಕೇಳಲಿಲ್ಲ. ನಿನ್ನನ್ನೂ ಕೇಳಲಿಲ್ಲ. ತಪ್ಪಾಯಿತು ಮಗಾ."

ಅವಳ ಕಣ್ಣು ಕೆಂಪಾಗಿತ್ತು. ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡಳು. ಲೀಲಾ ನೋಡಿದ್ದರೆ ಸೀರೆಗಾಗಿ ಬೈಯುತ್ತಿದ್ದಳು.

"ಪೆನ್ಸಿಲ್ ಥಾ ಯಾ ಪೆನ್?"

"ಪೆನ್ಸಿಲ್."

"ತೋ ಫಿರ್ ರಬ್ಬರ್ ಹೈ ನಾ, ದೊಡ್ಡಪ್ಪ" ಎಂದಳು.

ಕಲ್ಯಾಣ

ಮರಳಿ ಬಂದ ಮೊದಲ ಭಾನುವಾರ ಅರ್ಧ ಗಂಟೆ ಮೊದಲೇ ಸಭೆಗೆ ಹೋಗಿ ಅಯ್ಯನವರ ಮುಂದೆ ನೋಟುಬುಕ್ಕು ಇಟ್ಟೆ. ಗೀಟು ಅಳಿಸಿ ಎರಡು ಹೆಸರು ಬರೆದಿದ್ದೆ. ಇದು ಮದುವೆಯ ದಾಖಲೆ ಅಲ್ಲ, ಪ್ರಾರ್ಥನೆಯ ಪಟ್ಟಿ, ನಾವು ಪ್ರೀತಿಸುವವರ ಹೆಸರು ಇದರಲ್ಲಿ ಇರಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯವನ್ನು ಹೇಳಿದೆ. ಅಯ್ಯನವರು ಓದಿ ನೋಡಿ ಪುಸ್ತಕ ಮುಚ್ಚಿದರು. "ಮಾತು ಬರ್ತದೆ, ಗೊತ್ತುಂಟಲ್ಲ? ಬಂದ್ರೆ ನನ್ನ ಹತ್ರ ಕಳಿಸಿ" ಎಂದರು.

ಪಟ್ಟಿ ಓದಲು ನಿಂತಾಗ ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ. ಬಾಸೆಲಿನಲ್ಲಿ ಆರೂವರೆ. ಮುಂದಿನ ಸಾಲಿನ ಕಂಬಕ್ಕೆ ಕಟ್ಟಿದ ಮೊಬೈಲಿನ ಕಡೆ ಜೀವಮಾನದಲ್ಲಿ ಮೊದಲ ಸಲ ನೋಡಿದೆ. ಎಡ್ವಿನ್ ಮತ್ತು ಸರೋಜಾ ಇವರ ಮಗ ನವೀನ, ದೋಹಾ. ಒಂದೊಂದಾಗಿ ಓದಿದೆ. ಕೊನೆಯಲ್ಲಿ, "ಬಾಸೆಲಿನಲ್ಲಿರುವ ರೀನಾ, ರೆಗುಲಾ" ಎಂದೆ. ಅಜ್ಜಿಯಂದಿರ ಸಾಲು ಇಡಿಯಾಗಿ ಸುಂದರನ ಕಡೆ ತಿರುಗಿತು. ಅವನು ಕಿಟಕಿಯ ಪಕ್ಕದಲ್ಲಿ ಸಂಗೀತದ ಪುಸ್ತಕ ನೋಡುತ್ತ ಕುಳಿತಿದ್ದ. ತಲೆ ಎತ್ತಲಿಲ್ಲ. ಸಭೆ ಆಮೆನ್ ಎಂದಿತು. ಅವನ ತುಟಿ ಅಲುಗಾಡಿದ್ದು ನನಗೆ ಕಾಣಲಿಲ್ಲ.

ಭಾನುವಾರವಾದ್ದರಿಂದ ಹಳಿ ದುರಸ್ತಿಯ ಮೆಗಾ ಬ್ಲಾಕು, ಗಾಡಿ ತಡ. ಕಲ್ಯಾಣ ಸ್ಟೇಶನ್ನಿನ ಬೆಂಚಿನಲ್ಲಿ ಅಣ್ಣ ತಮ್ಮ ಇಬ್ಬರೂ ಕುಳಿತೆವು. ಅವನು ಠಾಣೆ ಸ್ಟೇಶನ್ನಿನಲ್ಲಿ ಗಾಡಿ ಬದಲಿಸಿ ಸಾನಪಾಡಾಕ್ಕೆ ಹೋಗಬೇಕು. ಬಯ್ಯುತ್ತಾನೆ ಎಂದು ಕಾದೆ. ಎರಡು ಗಾಡಿಯ ಘೋಷಣೆ ಆಯಿತು, ಎರಡೂ ನಮ್ಮದಲ್ಲ.

"ಅಣ್ಣ, ಎಲ್ಲರ ಮಕ್ಕಳಿಗೂ ಅಪ್ಪ ಅಮ್ಮ ಉಂಟು" ಎಂದ. "ನನ್ನ ಮಗಳಿಗೆ ಇಲ್ವಾ?"

ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಬೆಂಚಿನಿಂದ ಎದ್ದು ಓಡಿಹೋಗೋಣ ಎನಿಸಿತು. ಅವನ ಹೆಸರು ಓದಿದರೆ ಅವನಿಗೆ ಕಷ್ಟವಾಗುತ್ತದೆ ಎಂದು ಅದನ್ನು ಬಿಟ್ಟಿದ್ದೆ. ಮತ್ತೆ ಅವನನ್ನು ಕೇಳದೆ.

"ನಿನಗೆ ಮುಜುಗರ ಆಗ್ಬಾರ್ದು ಅಂತ..."

"ಮೂರು ವರ್ಷ ಹಿಂದೆಯೂ ನೀನೇ ತೆಗೆದದ್ದಾ?"

"ಹೌದು."

"ನಾನು ಅಯ್ಯನವರು ಅಂತ ಎಣಿಸಿದ್ದು. ಸಭೆಗೇ ಅವಳು ಬೇಡ, ಇನ್ನು ನಾನು ಎಂತ ಹೇಳುದು ಅಂತ ಸುಮ್ಮನಾದೆ." ಹಳಿಯ ಕಡೆ ನೋಡುತ್ತ ಮುಂದುವರಿಸಿದ. "ಆ ಮದುವೆಗೆ ನನ್ನ ಒಪ್ಪಿಗೆ ಇಲ್ಲ ಅಣ್ಣ. ಅದು ಇವತ್ತೂ ಇಲ್ಲ. ಆದ್ರೆ ಮಗು ಯಾರದ್ದು ಅಂತ ಓದು. ಪುಸ್ತಕ ಕೊಡು ಇಲ್ಲಿ."

ಚೀಲದಿಂದ ನೋಟುಬುಕ್ಕು ತೆಗೆದು, ಪೆನ್ಸಿಲಿನ ಜೊತೆ ಅವನ ಕೈಗೆ ಕೊಟ್ಟೆ. ಅವನು ಪೆನ್ಸಿಲನ್ನು ವಾಪಸು ಕೊಟ್ಟ. ತನ್ನ ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಪುಸ್ತಕವನ್ನು ಮೊಣಕಾಲಿನ ಮೇಲಿಟ್ಟು, ರೀನಾಳ ಹೆಸರಿಗಿಂತ ಮೊದಲಿದ್ದ ಚಿಕ್ಕ ಜಾಗದಲ್ಲಿ ಒತ್ತಿ ಒತ್ತಿ ಬರೆದ. ಸುಂದರ ಮತ್ತು ದಿವಂಗತ ಲೀಲಾ ಇವರ ಮಗಳು. ಪಕ್ಕದಲ್ಲಿದ್ದ ರೆಗುಲಾಳ ಹೆಸರನ್ನು ಸ್ವಲ್ಪ ಹೊತ್ತು ನೋಡಿದ. ಅದನ್ನು ಮುಟ್ಟಲಿಲ್ಲ, ಅಳಿಸಲೂ ಇಲ್ಲ.

ನಾನು ಮೊಬೈಲು ತೆಗೆದೆ. ಆ ಪುಟದ ಫೋಟೊ ತೆಗೆದು ರೀನಾಳಿಗೆ ಆಗಲೇ ಕಳಿಸುವುದೆಂದು. ಸುಂದರ ಪುಸ್ತಕದ ಮೇಲೆ ಅಂಗೈ ಇಟ್ಟು ಮುಚ್ಚಿದ.

"ಫೋಟೊ ಬೇಡ" ಎಂದ. "ಬರುವ ಭಾನುವಾರ ಓದು. ಅವಳು ಕೇಳ್ಲಿ."